ಕಳ್ಳಕಿಸೆ ಮೀಮಾಂಸೆ

ಮಂಗಳಾಚರಣೆಯನ್ನು ಸೂಜಿಗೆ ದಾರ ಪೋಣಿಸುವಾಗಲೇ ಮುಗಿಸಿದ್ದೇವೆ. ಇನ್ನು ವಿಷಯ.

ಹನುಮಸಾಗರ ಸೀಮೆಯ ಮನೆಗಳಲ್ಲಿ ಹಳೆ ಸೀರೆಗಳನ್ನು ಪದರು ಪದರಾಗಿ ಕೂಡಿಸಿ ಹೊಲಿಯುವ ಕೈಚೀಲವು ಕೌದಿಯ ಮರಿ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಕೌದಿ ಹುಟ್ಟಿದ್ದು ಚಳಿಗೆ. ಚೀಲಕ್ಕೆಲ್ಲಿಯ ಚಳಿ? ಅದೂ ಕುಷ್ಟಗಿ ತಾಲೂಕಿನ ಬಿಸಿಲಲ್ಲಿ! ಆದ್ದರಿಂದ ಸಿದ್ಧಾಂತವಿಷ್ಟು: ಒಳಗಿನ ನೋಟು ಸರಬರ ಅನ್ನಬಾರದು, ನಾಣ್ಯ ಹೊರಗೆ ಉಬ್ಬಿ ಕಾಣಬಾರದು, ಅದಕ್ಕೇ ಪದರು. ಮೊದಲು ಹುಟ್ಟಿದ್ದು ಕಳ್ಳಕಿಸೆ. ಅದನ್ನು ಮರೆಮಾಡಲು ಆಮೇಲೆ ಚೀಲ ಹುಟ್ಟಿತು.

ಪ್ರಮಾಣಗಳಿಗೆ ಕೊರತೆಯಿಲ್ಲ. ಅಜ್ಜಿಯರ ಟೊಂಕದ ಎಲಿ ಅಡಿಕಿ ಸಂಚಿಯನ್ನೇ ನೋಡಿ. ಎಲೆಗೊಂದು ಖಾನೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು. ಇವಿಷ್ಟನ್ನೂ ಮೊಮ್ಮಕ್ಕಳು ಎಣಿಸಬಲ್ಲರು. ಅದರಾಚೆಯದು ಶಬ್ದಪ್ರಮಾಣಕ್ಕೂ ಪ್ರತ್ಯಕ್ಷಕ್ಕೂ ಸಿಗುವುದಿಲ್ಲ, ಜಾತ್ರೆಯ ದಿನ ಮಿಠಾಯಿಯಿಂದ ಅನುಮಾನಿಸಬೇಕು. ವಿದೇಶಿ ಪ್ರಮಾಣವೂ ಉಂಟು: ಪ್ಯಾರಿಸ್ಸಿನ ಕೊಕೊ ಶನೆಲ್ 1955ರ ಫೆಬ್ರವರಿಯಲ್ಲಿ ಹೊರತಂದ ಪದರು ಹೊಲಿಗೆಯ ಕೈಚೀಲದ ಮುಚ್ಚಳದೊಳಗೆ ಒಂದು ಗುಟ್ಟಿನ ಕಿಸೆಯಿತ್ತು. ಪ್ರೇಮಪತ್ರ ಇಡಲು ಎನ್ನುತ್ತಾರೆ. ನಮ್ಮಲ್ಲಿ ಆ ಜಾಗದಲ್ಲಿ ಸಂಘದ ಕಂತಿನ ದುಡ್ಡಿರುತ್ತದೆ, ಅದು ಪ್ರೇಮಪತ್ರಕ್ಕಿಂತ ಗುಟ್ಟು.

ಇನ್ನು ಉತ್ಖನನ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವಲ್ಲ, ಕಳ್ಳಕಿಸೆಯ ಇತಿಹಾಸದಲ್ಲಿ ಅಷ್ಟು ದೊಡ್ಡ ಅಗೆತ ಇನ್ನೊಂದಿಲ್ಲ. ಸೀರೆಯ ಮಡಿಕೆ, ಜೋಳದ ಡಬ್ಬಿ, ಚೀಲದ ಅಸ್ತರ ಎಲ್ಲವೂ ಬಾಯಿಬಿಟ್ಟವು. ಗಂಡಸರು ಅವಾಕ್ಕಾದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ತಪ್ಪಿದ ಮೇಲೆ ಹೊರಗಿನ ಕಿಸೆ ನಿರುದ್ಯೋಗಿಯಾಯಿತು; ಖಾಲಿ ಹುದ್ದೆಗೆ ಆಧಾರ್ ಕಾರ್ಡು ವರ್ಗವಾಗಿ ಬಂತು. ಒಳಗಿನ ಕಿಸೆಗೆ ಮಾತ್ರ ಯಾವ ಆದೇಶವೂ ತಟ್ಟಲಿಲ್ಲ.

ಈಗ ರಚನಾಕಾಂಡ. ಮೇಲರಿವೆಗೆ ಹಳೆ ಇಳಕಲ್ ಸೀರೆ. ಕೆಂಪು ಸೆರಗಿನ ಮೇಲಿನ ಬಿಳಿ ತೆನೆಗಳು ಮುಚ್ಚಳಕ್ಕೇ ಬರಬೇಕು, ಬುಡಕ್ಕೆ ಹಾಕಿದರೆ ಮಹಾಪಾತಕ. ನಡುವೆ ಸವೆದು ಮೆತ್ತಗಾದ ಧೋತರ, ಒಳಗೆ ಗುಳೇದಗುಡ್ಡದ ಖಣದ ತುಂಡು. ಹೊಲಿದಂತೆಲ್ಲ ಅರಿವೆ ಕುಗ್ಗುವುದರಿಂದ ಮೊದಲು ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿ, ಹೊಲಿದಾದ ಮೇಲೆ ಅಳತೆಗೆ ತರತಕ್ಕದ್ದು. ಇಲ್ಲಿ ಎರಡು ಪಂಥ. ಅತ್ತೆ ಪಂಥದವರದು ಕೈಹೊಲಿಗೆ: ಅಂಚಿನಿಂದ ಸುತ್ತುತ್ತ ನಡುವಿಗೆ ಬರುವುದು. ಸೊಸೆ ಪಂಥದವರದು ಮಷಿನ್: ಉದ್ದ ಹೊಲಿಗೆ, ಎಲ್ಲ ಗೆರೆಯೂ ಒಂದೇ ದಿಕ್ಕಿಗೆ. ಒಂದು ಗೆರೆ ಮೇಲೆ, ಒಂದು ಗೆರೆ ಕೆಳಗೆ ಓಡಿಸಿದರೆ ಪದರುಗಳು ಜಾರಿ ಚೀಲ ಸೊಟ್ಟಗಾಗುತ್ತದೆ, ಆಗ ಅತ್ತೆ ಪಂಥ ಗೆಲ್ಲುತ್ತದೆ.

ಗಹನವಾದ ಭಾಗ ಕಡೆಯದು. ಚೀಲವನ್ನು ಉಲ್ಟಾ ಹೊಲಿದು, ಅಸ್ತರದಲ್ಲಿ ಅಂಗೈಯಗಲ ಬಿಟ್ಟ ಬಾಯಿಂದ ಇಡೀ ಚೀಲವನ್ನು ಹೊರಗೆಳೆದು ಸುಲ್ಟಾ ಮಾಡಬೇಕು. ಆಮೇಲೆ ಆ ಬಾಯಿ ಮುಚ್ಚಬೇಕೆಂದು ವಿಧಿ. ಮುಚ್ಚುತ್ತಾರೆಯೇ? ಪಂಥಭೇದವಿಲ್ಲದೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ಈ ಒಮ್ಮತವೇ ಅನುಮಾನಾಸ್ಪದ. ಅತ್ತೆ ಪಂಥದ ಹಿರಿಯರೊಬ್ಬರ ಚೀಲದ ಅಸ್ತರವನ್ನು ಕೇವಲ ಶಾಸ್ತ್ರದೃಷ್ಟಿಯಿಂದ ಮುಟ್ಟಿ ನೋಡಲು ಅಪ್ಪಣೆ ಬೇಡಲಾಗಿ, “ಯಾಕಪಾ, ನಮ್ಮ ಮನಿಯವ್ರು ಕಳಿಸ್ಯಾರೇನು ನಿನ್ನ?” ಎಂಬ ಮರುಪ್ರಶ್ನೆ ಬಂದುದರಿಂದ ಈ ಅಧ್ಯಾಯ ಅಪೂರ್ಣ.