ಬಣ್ಣ ತಿನ್ನುವವರಿಗೆ ಸಿರವಾರದಿಂದ ಬಹಿರಂಗ ಪತ್ರ

ಬ್ಯಾಸಿಲಸ್, ಸೂಡೊಮೊನಾಸ್ ಮತ್ತು ಸಕಲ ಬ್ಯಾಕ್ಟೀರಿಯಾ ಬಂಧುಬಳಗದವರಿಗೆ,

ಸಿರವಾರದಿಂದ ಶರಣು ಶರಣಾರ್ಥಿ. ಇತ್ತ ನಾವು ಕ್ಷೇಮ. ಅತ್ತ ನೀವು ಯಾವ ಚರಂಡಿಯಲ್ಲಿದ್ದರೂ ಕ್ಷೇಮವೇ ಇರುತ್ತೀರಿ, ಬಲ್ಲೆವು.

ಬಟ್ಟೆಗೆ ಹಾಕಿದ ಬಣ್ಣವೆಲ್ಲ ಬಟ್ಟೆಗೆ ಹಿಡಿಯುವುದಿಲ್ಲ. ಕೆಲವು ರಿಯಾಕ್ಟಿವ್ ಬಣ್ಣಗಳಂತೂ ಅರ್ಧದಷ್ಟರ ತನಕ ತೊಳೆದ ನೀರಿನೊಂದಿಗೇ ಹೊರಬೀಳುತ್ತವೆ. ಆ ನೀರಿನ ಬಣ್ಣ ತಿನ್ನಲು ನಿಮ್ಮನ್ನು ನೇಮಿಸಿಕೊಳ್ಳಿ ಎಂದು ವಿಜ್ಞಾನಿಗಳು ವರ್ಷಗಳಿಂದ ಹೇಳುತ್ತಿದ್ದಾರೆ. ಇಂಥ ನೌಕರರು ಎಲ್ಲಿ ಸಿಗಬೇಕು? ಪಗಾರ ಕೇಳುವುದಿಲ್ಲ, ಭತ್ಯೆ ಕೇಳುವುದಿಲ್ಲ, ಕಲ್ಯಾಣ ಕರ್ನಾಟಕಕ್ಕೆ ವರ್ಗವಾಯಿತೆಂದು ಮಂತ್ರಿಗಳ ಮನೆಗೆ ಓಡುವುದಿಲ್ಲ.

ನಿಮ್ಮ ಸೇವೆಯೂ ಹಳೆಯದು. ನೀರಿನಲ್ಲಿ ಕರಗದ ನೀಲಿಯನ್ನು ಹಂಡೆಯಲ್ಲಿ ಹುದುಗಿಸಿ, ಕರಗಿಸಿ, ನೂಲಿಗೆ ಹತ್ತಿಸುತ್ತಿದ್ದವರು ನಿಮ್ಮ ಪೂರ್ವಿಕರೇ. ಆಗ ಹಚ್ಚುವ ಕೆಲಸ, ಈಗ ಅಳಿಸುವ ಕೆಲಸ. ಕೆಲಸಕ್ಕೇನೂ ಕೊರತೆಯಿಲ್ಲ: ಹತ್ತಿರದ ಬಳ್ಳಾರಿಯಲ್ಲಿ ಮಾಲಿನ್ಯದ ಕಾರಣಕ್ಕೆ ಹಲವು ಜೀನ್ಸ್ ತೊಳೆಯುವ ಘಟಕಗಳ ಬಾಗಿಲು ಹಾಕಲು ಮಾಲಿನ್ಯ ನಿಯಂತ್ರಣ ಮಂಡಳಿ 2024ರಲ್ಲಿ ಆದೇಶಿಸಿತ್ತು. ಆ ಸೀಮೆಯ ಹಗರಿ ಹೊಳೆ ತುಂಗಭದ್ರೆಗೆ ಸೇರುತ್ತದೆ, ತುಂಗಭದ್ರೆ ನಮ್ಮ ಪಕ್ಕದ ಮಾನ್ವಿ ತಾಲ್ಲೂಕಿನ ಅಂಚಿಗೆ ಹರಿದು ಬರುತ್ತಾಳೆ. ನಮ್ಮ ಹತ್ತಿ ಊರು ಬಿಡುವಾಗ ಬೆಳ್ಳಗೇ ಇರುತ್ತದೆಂಬುದನ್ನೂ ಬರೆದುಕೊಳ್ಳಿ.

ಇನ್ನು ತಕರಾರು. ಕೃತಕ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಜೋ ಬಣ್ಣಗಳು. ಎರಡು ನೈಟ್ರೋಜನ್ ಪರಮಾಣುಗಳ ಗಂಟೇ ಅವುಗಳ ಬಣ್ಣದ ಗುಟ್ಟು. ಗಾಳಿಯಾಡದ ತೊಟ್ಟಿಯಲ್ಲಿ ನಿಮ್ಮ ಅಜೋರಿಡಕ್ಟೇಸ್ ಕಿಣ್ವ ಆ ಗಂಟನ್ನು ಕತ್ತರಿಸುತ್ತದೆ, ನೀರು ತಿಳಿಯಾಗುತ್ತದೆ. ಮಾಲೀಕರು ಗಾಜಿನ ಬಾಟಲಿಯಲ್ಲಿ ಹಿಡಿದು ತೋರಿಸುತ್ತಾರೆ, ಸಾಹೇಬರು ತಲೆಯಾಡಿಸುತ್ತಾರೆ. ಕತ್ತರಿಸಿದ ತುಂಡುಗಳು ಮಾತ್ರ ಆರೋಮ್ಯಾಟಿಕ್ ಅಮೈನುಗಳಾಗಿ, ಬಣ್ಣವಿಲ್ಲದೆ, ಅದೇ ನೀರಿನಲ್ಲಿ ಕುಳಿತಿರುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಆ ಭಯಕ್ಕೇ ಭಾರತ 1997ರಲ್ಲಿ 70 ಅಜೋ ಬಣ್ಣಗಳನ್ನು ನಿಷೇಧಿಸಿತು. ಅಮೈನುಗಳನ್ನು ತಿಂದು ಮುಗಿಸಲು ಎರಡನೆಯ ತೊಟ್ಟಿ ಬೇಕು. ಅಲ್ಲಿ ಗಾಳಿ ಊದಬೇಕು, ಊದಲು ಕರೆಂಟು ಬೇಕು, ಕರೆಂಟಿಗೆ ಬಿಲ್ಲು ಬರುತ್ತದೆ. ನಿಮ್ಮ ಪುಗಸಟ್ಟೆ ಸೇವೆಯ ಕತೆ ಅಲ್ಲಿಗೆ ಮುಗಿಯಿತು.

ನೀರು ಕೆಂಪಗಿದ್ದರೆ ಬಾಟಲಿ ತುಂಬಿ ಅಧಿಕಾರಿಗಳ ಮೇಜಿನ ಮೇಲಿಡಬಹುದು, ಟಿವಿಯವರೂ ಬಂದಾರು. ತಿಳಿನೀರು ಒಯ್ದರೆ, ಬಿಸಿಲಿಗೆ ಬಂದವರಿಗೆ ತಂದಿದ್ದಾರೆಂದು ಗಟಗಟ ಕುಡಿದುಬಿಟ್ಟಾರು. ನಮಗಿದ್ದ ಒಂದೇ ಸಾಕ್ಷಿಯನ್ನೂ ನೀವು ತಿಂದು ತೇಗಿದರೆ ಹೇಗೆ?

ಆದ್ದರಿಂದ ವಿನಂತಿ: ಎರಡನೆಯ ತೊಟ್ಟಿ ಕಟ್ಟಿ, ಗಾಳಿಯ ಯಂತ್ರ ರಾತ್ರಿಯೂ ತಿರುಗುವುದು ಖಾತ್ರಿಯಾಗುವ ತನಕ ಮೊದಲ ತೊಟ್ಟಿಯಲ್ಲಿ ಮುಷ್ಕರ ಹೂಡಿ. ನಿಮಗದು ಹೊಸದಲ್ಲ. ಉಪ್ಪು ಅತಿಯಾದರೆ, ಕ್ಷಾರ ಏರಿದರೆ ನೀವು ಹೇಗೂ ಕೆಲಸ ಬಿಟ್ಟು ಕೂರುವವರೇ. ಬಣ್ಣದ ನೀರಿನಲ್ಲಿ ಉಪ್ಪಿಗೇನು ಬರವೆ?

ಉತ್ತರ ಬರೆಯುವ ತೊಂದರೆ ಬೇಡ. ನೀರು ಮತ್ತೆ ಕೆಂಪಗೆ ಬಂದರೆ ಪತ್ರ ಮುಟ್ಟಿತೆಂದು ತಿಳಿಯುತ್ತೇವೆ.

ಇತಿ,
ತುಂಗಭದ್ರಾ ಎಡದಂಡೆ ಕಾಲುವೆ ಕೊನೆ ಭಾಗದ ರೈತರು
ಸಿರವಾರ