ಕಣ್ಣು ತಪ್ಪಿಸುವ ಕಲೆ

ಜೂನ್ ತಿಂಗಳು ಹುಟ್ಟಿ ಮೊದಲ ಮಳೆಗೆ ಕೊಡೆಗಳು ಬಿಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ, ನಮ್ಮ ಊರಿನ ಶಿಶುವಿಹಾರಗಳ ಬಾಗಿಲಲ್ಲಿ ವರ್ಷಂಪ್ರತಿ ಏಳುವ ಆಕ್ರಂದನಕ್ಕೆ ಹಿರಿಯರು ಕೊಡುವ ವ್ಯಾಖ್ಯಾನಗಳು ಹಲವು. ಬರಿಯ ಹಠ ಎನ್ನುವವರುಂಟು. ಅಜ್ಜಿ ಮುದ್ದು ಮಾಡಿ ಕೆಡಿಸಿದ್ದು ಎನ್ನುವವರುಂಟು (ಇವರು ಸಾಮಾನ್ಯವಾಗಿ ಆ ಅಜ್ಜಿಯ ಅಳಿಯಂದಿರು). ದೃಷ್ಟಿ ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುವವರೂ ಇನ್ನೂ ಉಂಟು. ಆದರೆ ಆ ಅಳುವಿನಲ್ಲಿ ಶುದ್ಧವಾದ ತರ್ಕವೊಂದಿದೆಯೆಂದೂ, ಅದಕ್ಕೆ ಬೇಕಾದ ಸಮಸ್ತ ಪ್ರಮಾಣಗಳನ್ನು ಒದಗಿಸಿಕೊಟ್ಟವರು ಮನೆಯ ಹಿರಿಯರಾದ ನಾವೇ ಎಂದೂ ಹೇಳುವವರು ವಿರಳವಾದುದರಿಂದ, ಆ ಭಾರವನ್ನು ನಾನು ವಹಿಸಿಕೊಂಡಿದ್ದೇನೆ.

ಮಗುವಿನ ಕಣ್ಣು ತಪ್ಪಿಸಿ ಮನೆಯಿಂದ ಹೊರಬೀಳುವ ವಿದ್ಯೆಯು ಅರುವತ್ತನಾಲ್ಕು ಕಲೆಗಳ ಪಟ್ಟಿಗೆ ಸೇರದೆ ಹೋದುದು ಆ ಪಟ್ಟಿಯ ದೌರ್ಭಾಗ್ಯ. ನನ್ನ ಮಗಳು ಕಚೇರಿಗೆ ಹೊರಡುವ ವೈಖರಿಯನ್ನು ಕಂಡವರು, ಇವಳು ಸಂಬಳಕ್ಕೆ ಹೋಗುತ್ತಿರುವಳೋ ಕಳವಿಗೆ ಹೋಗುತ್ತಿರುವಳೋ ಎಂದು ಸಂದೇಹಪಟ್ಟರೆ ಆಶ್ಚರ್ಯವಿಲ್ಲ. ಕೈಚೀಲವೂ ಊಟದ ಡಬ್ಬಿಯೂ ಅಡುಗೆಮನೆಯ ಕಿಟಕಿಯ ಮೂಲಕ ಮುಂಚಿತವಾಗಿ ನಿರ್ಗಮಿಸುವುವು. ಚಪ್ಪಲಿಗಳು ತುಳಸಿಕಟ್ಟೆಯ ಮರೆಯಲ್ಲಿ ಕಾದಿರುವುವು. ಅಳಿಯನು ಸ್ಕೂಟರನ್ನು ಸದ್ದಿಲ್ಲದೆ ಬೀದಿಯ ತಿರುವಿನವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಅದಕ್ಕೆ ಜೀವ ಕೊಡುವನು. ಇತ್ತ ನನ್ನ ಪತ್ನಿಯು ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಹಿತ್ತಲಿನ ತೆಂಗಿನಮರದ ಬುಡದಲ್ಲಿ ನಿಂತು, “ಕಾಗೆ ನೋಡು ಪುಟ್ಟೀ, ಕಾಗೆ” ಎಂದು ತೋರಿಸುತ್ತಿರುವಳು. ಕಾಗೆ ಅಲ್ಲಿರಲೇಬೇಕೆಂಬ ನಿಯಮವೇನೂ ಇಲ್ಲ.

ಒಮ್ಮೊಮ್ಮೆ ಈ ವ್ಯೂಹವನ್ನು ಭೇದಿಸಿ ಪುಟ್ಟಿಯು ತಾಯಿಯ ಸೆರಗನ್ನು ಬಾಗಿಲಲ್ಲೇ ಹಿಡಿದುಬಿಡುವುದುಂಟು. ಅಂಥ ವೇಳೆಗೆಂದೇ ನಮ್ಮ ಮನೆಗಳಲ್ಲಿ ಪರಂಪರೆಯಿಂದ ಬಂದ ಬ್ರಹ್ಮಾಸ್ತ್ರವೊಂದಿದೆ: “ಡಾಕ್ಟರ ಹತ್ರ ಸೂಜಿ ಚುಚ್ಚಿಸ್ಕೊಳ್ಳೋಕೆ ಹೋಗ್ತಿದೀನಿ, ನೀನೂ ಬರ್ತೀಯಾ?” ಈ ಅಸ್ತ್ರಕ್ಕೆ ಬೆದರಿ ಹಿಂಜರಿಯದ ಮಗುವಿಲ್ಲವೆಂಬುದು ನನ್ನ ಪತ್ನಿಯ ದೃಢವಾದ ನಂಬಿಕೆಯಾಗಿತ್ತು. ಒಂದು ದಿನ ಪುಟ್ಟಿ ಕ್ಷಣಕಾಲ ಯೋಚಿಸಿ, ಮೂಗನ್ನು ಒರಸಿಕೊಂಡು, ಅಂಗಿಯ ತೋಳನ್ನು ತಾನೇ ಮೇಲಕ್ಕೆ ಸರಿಸಿ, “ನಂಗೂ ಚುಚ್ಸು, ಬರ್ತೀನಿ” ಎಂದು ಭುಜವನ್ನು ಮುಂದೆ ಚಾಚಿದಳು. ಲಸಿಕೆಯ ದಿನ ಮೂರು ಬೀದಿಗೆ ಕೇಳುವಂತೆ ಅತ್ತಿದ್ದ ಹುಡುಗಿ ಅವಳು! ಇದನ್ನು ಹಠವೆನ್ನುವವರು ಹರಿಶ್ಚಂದ್ರನನ್ನೂ ಹಠಮಾರಿಯೆಂದೇ ಕರೆಯಬೇಕಾದೀತು.

ಪರ್ವತದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನೈಯಾಯಿಕನಂತೆ, ಮೂರು ವರ್ಷದ ಮಗುವು ತಾಯಿಯ ಮುಖದ ಪೌಡರನ್ನು ಕಂಡು ಅವಳ ಅಂತರ್ಧಾನವನ್ನು ಊಹಿಸುತ್ತದೆ. ಕಾಗೆಯನ್ನು ನೋಡಿ ಬರುವಷ್ಟರಲ್ಲಿ ಮನೆಯ ಜನಸಂಖ್ಯೆಯಲ್ಲಿ ಒಬ್ಬರು ಕಡಮೆಯಾಗಿರುವರೆಂಬುದು ಅದಕ್ಕೆ ಅನುಭವಸಿದ್ಧ. ಆದಕಾರಣ ಅದು ಯಾರಿಗೂ ಕಣ್ಣು ತಪ್ಪಿಸಗೊಡುವುದಿಲ್ಲ. ಬಚ್ಚಲುಮನೆಯ ಬಾಗಿಲನ್ನು ಬಡಿಯುತ್ತದೆ, ನಿದ್ರೆಯಲ್ಲಿಯೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿರುತ್ತದೆ, ಮತ್ತು ಕಾಗೆ ಎಂದರೆ ಸಾಕು, ಬೆಚ್ಚಿಬೀಳುತ್ತದೆ.

ಹಾಗೆ ನೋಡಿದರೆ ಈ ಅಳು ಬುದ್ಧಿಯ ಉದಯಕ್ಕೇ ಸಾಕ್ಷಿ. ಎಳೆಗೂಸಿಗೆ ಕಣ್ಮರೆಯಾದುದು ಇಲ್ಲವೇ ಇಲ್ಲ. ಆಟಿಕೆಯ ಮೇಲೊಂದು ಬಟ್ಟೆಯನ್ನು ಹೊದಿಸಿದರೆ ಅದು ಹುಡುಕುವ ಗೋಜಿಗೆ ಹೋಗುವುದಿಲ್ಲವೆಂಬುದನ್ನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯವರು ತಮ್ಮ ಮೂವರು ಮಕ್ಕಳನ್ನೇ ಪರೀಕ್ಷಿಸಿ ಬರೆದಿಟ್ಟರು. ಎಂಟನೆಯ ತಿಂಗಳ ಸುಮಾರಿಗೆ, ಕಾಣದಿದ್ದರೂ ವಸ್ತು ಎಲ್ಲಿಯೋ ಇದೆಯೆಂಬ ಅರಿವು ಮೂಡುತ್ತದೆ. ಎಲ್ಲಿಯೋ ಇರುವ ಅಮ್ಮ ಇಲ್ಲಿ ಏಕಿಲ್ಲವೆಂಬ ಆಕ್ಷೇಪವೂ ಅದರ ಬೆನ್ನಿಗೇ ಹುಟ್ಟುತ್ತದೆ. ಒಂದು, ಒಂದೂವರೆ ವರ್ಷದ ಆಸುಪಾಸಿನಲ್ಲಿ ಅದು ಶಿಖರವನ್ನು ಮುಟ್ಟಿ, ಮೂರು ತುಂಬುವ ವೇಳೆಗೆ ಸಾಧಾರಣವಾಗಿ ಇಳಿಮುಖವಾಗುತ್ತದೆ. ನಮ್ಮ ಸಮಾಜವಾದರೋ, ಇನ್ನೇನು ಇಳಿಯಿತೆನ್ನುವ ಘಳಿಗೆಯನ್ನೇ ಹುಡುಕಿ ಶಾಲೆಯನ್ನು ತಂದಿಡುತ್ತದೆ.

ಈ ವಿಷಯದಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಜಾನ್ ಬೌಲ್ಬಿಯವರದು. ತಾಯಿಗಿಂತ ಹೆಚ್ಚಾಗಿ ದಾದಿಯ ಕೈಯಲ್ಲಿ ಬೆಳೆದು, ಆ ಪ್ರೀತಿಯ ದಾದಿಯನ್ನೂ ನಾಲ್ಕನೆಯ ವಯಸ್ಸಿನ ಸುಮಾರಿನಲ್ಲಿ ಕಳೆದುಕೊಂಡ ಅವರು, ಮುಂದೆ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಗ್ರಂಥದಲ್ಲಿ, ಶಿಶುವಿಗೆ ಹಾಲಿನಷ್ಟೇ ಸಾನ್ನಿಧ್ಯವೂ ಅವಶ್ಯಕವೆಂಬ ಅರ್ಥದ ಮಾತನ್ನು ಪಂಡಿತರ ಭಾಷೆಯಲ್ಲಿ ಪ್ರತಿಪಾದಿಸಿದರು. ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ನರು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ದಿನಚರಿಯನ್ನು ಚಿತ್ರೀಕರಿಸಿ 1952ರಲ್ಲಿ ವೈದ್ಯರ ಮುಂದಿಟ್ಟರು. ತಾಯ್ತಂದೆಯರು ಮನಬಂದಾಗ ಒಳಗೆ ಬರಕೂಡದೆಂಬುದು ಅಂದಿನ ಆಸ್ಪತ್ರೆಗಳ ಕಟ್ಟಳೆ. ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಬಳಿಕ ಹತಾಶವಾಗುತ್ತದೆ, ಕಡೆಗೆ ನಿರ್ಲಿಪ್ತವಾಗುತ್ತದೆ. ಈ ಕಡೆಯ ಅವಸ್ಥೆಯನ್ನೇ ಆಸ್ಪತ್ರೆಯವರು ‘ಒಗ್ಗಿಕೊಂಡಿತು’ ಎಂದು ಭ್ರಮಿಸುವರೆಂದು ರಾಬರ್ಟ್‌ಸನ್ನರು ತೋರಿಸಿದಾಗ ವೈದ್ಯರು ಕೆರಳಿದರು. ಹೆತ್ತವರಿಗೆ ಬಾಗಿಲು ತೆರೆಯಿರೆಂದು ಅಲ್ಲಿ ಒಂದು ಸರ್ಕಾರಿ ಸಮಿತಿ ಶಿಫಾರಸು ಮಾಡಲು 1959ನೆಯ ಇಸವಿ ಬರಬೇಕಾಯಿತು. ನಮ್ಮ ಕಡೆ ಮಗುವೊಂದನ್ನು ವಾರ್ಡಿಗೆ ಸೇರಿಸಿದರೆ ತಾಯಿ, ಅಜ್ಜಿ, ಸೋದರತ್ತೆ, ಫ್ಲಾಸ್ಕು, ಚಾಪೆ, ಬಿಸಿ ಸಾರನ್ನದ ಕ್ಯಾರಿಯರು ಇಷ್ಟೂ ಮಂಚದ ಕೆಳಗೂ ಮೇಲೂ ವ್ಯಾಪಿಸಿ, ವೈದ್ಯರೇ ಒಳಗೆ ಬರಲು ಅಪ್ಪಣೆ ಬೇಡಬೇಕಾದ ಸ್ಥಿತಿಯುಂಟಾಗುವುದರಿಂದ ಅಂಥ ಸಮಿತಿಯ ಅಗತ್ಯ ಬೀಳಲಿಲ್ಲ.

ಇಷ್ಟು ಸಂಶೋಧನೆಯನ್ನು ಭಟ್ಟಿಯಿಳಿಸಿ ಮಕ್ಕಳ ತಜ್ಞರು ಇಂದು ಉಪದೇಶಿಸುವುದಾದರೂ ಏನು? ಹೇಳಿ ಹೋಗಿ, ಗುರುತಿನವರ ಕೈಗೆ ಒಪ್ಪಿಸಿ ಹೋಗಿ, ಹೊರಟ ಮೇಲೆ ಬಾಗಿಲಲ್ಲಿ ತಡಮಾಡಬೇಡಿ, ಹೇಳಿದ ಹೊತ್ತಿಗೆ ಹಿಂದಿರುಗಿ. ಇದನ್ನು ಓದಿದಾಗ ನನಗೆ ಗೋವಿನ ಹಾಡು ನೆನಪಾಯಿತು. ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲ ಆ ಕಥೆಯನ್ನು ಹುಲಿಯ ಕಡೆಯಿಂದಲೇ ಕೇಳಿದ್ದೇವೆ: ಕೊಟ್ಟ ಮಾತಿಗೆ ತಪ್ಪದವಳು ಪುಣ್ಯಕೋಟಿ ಎಂದು. ಕರುವಿನ ಕಡೆಯಿಂದ ನೋಡಿದರೆ ಅವಳ ನಡತೆ ಇನ್ನೂ ಅಚ್ಚರಿಯದು. ಹಾಲೂಡಿಸಿದ ಮೇಲೆ ಹಟ್ಟಿಯ ಹಿಂಬಾಗಿಲಿನಿಂದ ಜಾರಿಕೊಳ್ಳುವುದು ಅವಳಿಗೆ ಅಸಾಧ್ಯವಾಗಿರಲಿಲ್ಲ. ಕರುವಿಗೆ ಕಾಗೆ ತೋರಿಸಲು ಬಳಗವೂ ಇತ್ತು. ಆದರೆ ಅವಳು ಎಲ್ಲಿಗೆ ಹೋಗುತ್ತಿರುವೆನೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಅದರ ದುಃಖಕ್ಕೆ ಕಿವಿಗೊಟ್ಟು, ಒಡಹುಟ್ಟಿದವರ ಕೈಗೆ ಅದನ್ನು ಒಪ್ಪಿಸಿ ಹೊರಟಳು. ಹುಲಿಯ ಬಾಯಿಗೆ ಹೊರಟವಳೇ ಅಷ್ಟು ಹೇಳಿ ಹೋದಳೆಂದ ಮೇಲೆ, ಸಂಜೆ ಆರಕ್ಕೆ ಹಿಂದಿರುಗುವ ಗುಮಾಸ್ತೆಗೆ ಕಿಟಕಿಯ ಮೂಲಕ ಚೀಲ ಸಾಗಿಸುವ ಅವಶ್ಯಕತೆಯೇನು?

ಈ ವಾದವನ್ನು ಮಗಳ ಮುಂದೆ ಮಂಡಿಸಿದೆ. “ಸರಿ ಅಪ್ಪ, ಅವಳು ಅತ್ತರೆ ನೀವೇ ಸಮಾಧಾನ ಮಾಡ್ಬೇಕು” ಎಂಬ ಷರತ್ತಿನ ಮೇಲೆ ಒಪ್ಪಿದಳು. ಗಡಿಯಾರದ ಭಾಷೆ ಮಗುವಿಗೆ ನಿರುಪಯುಕ್ತವಾದುದರಿಂದ, “ನಿಂದು ಊಟ ಆಗಿ, ನಿದ್ದೆ ಆಗಿ, ಅಜ್ಜಿ ದೇವರಿಗೆ ದೀಪ ಹಚ್ಚಿದ ಮೇಲೆ ಬರ್ತೀನಿ” ಎಂಬ ಸೂತ್ರ ಸಿದ್ಧವಾಯಿತು. ಮೊದಲ ದಿನಗಳಲ್ಲಿ ಅಳು ಇಮ್ಮಡಿಯಾಯಿತೆಂಬುದನ್ನು ಮರೆಮಾಚಲಾರೆ. ಕ್ರಮೇಣ ಪುಟ್ಟಿಯು ತಾಯಿಯನ್ನು ಬಿಟ್ಟು ದೀಪದ ಬೆನ್ನು ಹತ್ತಿದಳು. ನಡುಮಧ್ಯಾಹ್ನವೇ ದೀಪ ಹಚ್ಚೆಂದು ಅಜ್ಜಿಯನ್ನು ಪೀಡಿಸತೊಡಗಿದುದರಿಂದ, ನಮ್ಮ ಮನೆದೇವರಿಗೆ ಆ ತಿಂಗಳು ಎಣ್ಣೆ ಕೊಂಚ ಹೆಚ್ಚಾಗಿಯೇ ಸಂದಿತು.

ಎಲ್ಲ ಮಕ್ಕಳ ಪಾಡೂ ಇಷ್ಟು ಸುಲಭವಲ್ಲ. ಶಾಲೆಯ ವೇಳೆಗೆ ಸರಿಯಾಗಿ ದಿನವೂ ಹೊಟ್ಟೆನೋವು ಬರುತ್ತ, ತಾಯಿಗೇನೋ ಕೇಡಾದೀತೆಂಬ ಕನಸುಗಳು ಬೀಳುತ್ತ, ನಾಲ್ಕು ವಾರ ಕಳೆದರೂ ಇಳಿಯದಿದ್ದರೆ ಅದು ಅಜ್ಜಿಯ ಮದ್ದಿಗೆ ಬಗ್ಗುವುದಲ್ಲ, ತಜ್ಞರಿಗೆ ತೋರಿಸತಕ್ಕದ್ದು. ಅಮೆರಿಕದ ಮನೋವೈದ್ಯರು ಈ ವ್ಯಾಧಿಯು ವಯಸ್ಕರಲ್ಲಿಯೂ ತಲೆದೋರಬಹುದೆಂದು ತಮ್ಮ ಕೈಪಿಡಿಯಲ್ಲಿ 2013ರಲ್ಲಿ ಒಪ್ಪಿಕೊಂಡರಂತೆ. ಪುಟ್ಟಿಯೂ ಈಗ ಸೇರಿರುವ ನಮ್ಮ ಶಿಶುವಿಹಾರದ ಕಾಂಪೌಂಡಿನ ಹತ್ತಿರ ಒಂದು ಬೆಳಗ್ಗೆ ನಿಂತಿದ್ದರೆ ಅವರು ಅಷ್ಟು ತಡಮಾಡುತ್ತಿರಲಿಲ್ಲ. ಮಕ್ಕಳು ಒಳಗೆ ಮಣಿ ಪೋಣಿಸುತ್ತ ಕುಳಿತಿದ್ದರೂ, ಗೋಡೆಯಾಚೆಯಿಂದ ತುದಿಗಾಲಲ್ಲಿ ನಿಂತು ಇಣುಕುವ ತಂದೆತಾಯಿಗಳನ್ನು ಚದುರಿಸಲು ಅಲ್ಲಿಯ ಟೀಚರು ದಿನವೂ ಹೊರಗೆ ಬರಬೇಕು. ನನ್ನ ಪತ್ನಿಯಂತೂ, ಪುಟ್ಟಿ ನೀರು ಕುಡಿದಳೇ ಎಂದು ವಿಚಾರಿಸಲು ಶಾಲೆಗೆ ಫೋನ್ ಮಾಡಿ ಮಾಡಿ, ಈಗ ಅವಳ ದನಿ ಕೇಳಿದೊಡನೆಯೇ ಅವರು, “ಕುಡಿದಳು ಅಜ್ಜೀ” ಎಂದು ಇಟ್ಟುಬಿಡುವರು.

ಪುಟ್ಟಿಯನ್ನು ಅಲ್ಲಿಗೆ ಕರೆದೊಯ್ಯುವ ಕೆಲಸ ನನ್ನದು. ಮೊನ್ನೆ ಗೇಟಿನ ಬಳಿ ನಾನು ಅವಳ ಚೀಲವನ್ನು ಕೊಟ್ಟಾದ ಮೇಲೂ ಕೈ ಬಿಡದೆ ನಿಂತಿದ್ದೆನೆಂದು ತೋರುತ್ತದೆ. ಪುಟ್ಟಿ ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, “ತಾತ, ನಾನು ಒಳಗೆ ಹೋಗ್ತೀನಿ. ಹಾಡು ಆಗಿ, ಊಟ ಆದ್ಮೇಲೆ ಬರ್ತೀನಿ. ನೀನು ಅಳ್ಬಾರ್ದು” ಎಂದಳು. ಅಷ್ಟಕ್ಕೇ ತೃಪ್ತಳಾಗದೆ, ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಆಯಮ್ಮನ ಬಳಿಗೆ ನನ್ನನ್ನು ಎಳೆದೊಯ್ದು, “ಆಯಮ್ಮಾ, ನಮ್ಮ ತಾತನ್ನ ನೋಡ್ಕೋ” ಎಂದು ಒಪ್ಪಿಸಿ, ತಿರುಗಿ ನೋಡದೆ ಓಡಿದಳು. ಆಯಮ್ಮ ಬೆಂಚಿನ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿ, ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ಎಲೆಅಡಿಕೆ ಏನಾರ ಇಟ್ಟಿದ್ದೀರಾ ಸ್ವಾಮಿ?” ಎಂದು ಕೇಳಿದಳು.