ಧನುರ್ಮಾಸದಲ್ಲಿ ಯೆಜ್ಡಿ ರಾಯರು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಅದು ಸರಸ್ವತಿಪುರವಾಗಲಿ ಜಯಲಕ್ಷ್ಮೀಪುರವಾಗಲಿ, ಬೀದಿಗೊಬ್ಬರು ಯೆಜ್ಡಿ ರಾಯರು ಇದ್ದೇ ಇರುತ್ತಾರೆ. ಅವರ ನಿಜವಾದ ಹೆಸರು ಕರೆಂಟು ಬಿಲ್ಲಿಗೆ ಮಾತ್ರ ಗೊತ್ತು. ಬ್ಯಾಂಕಿನಿಂದಲೋ ರೈಲ್ವೆ ವರ್ಕ್‌ಶಾಪಿನಿಂದಲೋ ನಿವೃತ್ತರು. ಮಗ ಅಮೆರಿಕದಲ್ಲಿರುತ್ತಾನೆ, ಇಲ್ಲವೇ ವೈಟ್‌ಫೀಲ್ಡಿನಲ್ಲಿ. ಅವನು ಕೊಡಿಸಿದ ಹೊಸ ಸ್ಕೂಟರು ಕಾಂಪೌಂಡಿನ ಮೂಲೆಯಲ್ಲಿ ಬಿಸಿಲಿಗೆ ಒಣಗುತ್ತಿರುತ್ತದೆ. ಪೋರ್ಟಿಕೋದ ನೆರಳು ಹಳೆಯ ಯೆಜ್ಡಿ ಬೈಕಿಗೆ ಮೀಸಲು.

ವರ್ಷದ ಹನ್ನೊಂದು ತಿಂಗಳು ರಾಯರು ಎಲ್ಲರಂತೆಯೇ ಇರುತ್ತಾರೆ. ಧನುರ್ಮಾಸ ಹುಟ್ಟಿದರೆ ಮುಗಿಯಿತು. ಬೆಳಗಿನ ಜಾವದ ಪೂಜೆಗೆ ದೇವಸ್ಥಾನಕ್ಕೆ ಹೋಗಬೇಕು. ನಡೆದು ಹೋದರೆ ಹತ್ತು ನಿಮಿಷದ ದಾರಿ. ಗಾಡಿ ಸ್ಟಾರ್ಟ್ ಮಾಡಲು ಅರ್ಧ ಗಂಟೆ ಬೇಕು. ರಾಯರು ಗಾಡಿಯಲ್ಲೇ ಹೋಗುತ್ತಾರೆ.

ಮಡಿ ಪಂಚೆ ಎತ್ತಿ ಕಟ್ಟಿ, ಮೇಲೆ ಸ್ವೆಟರು, ಮಂಕಿ ಕ್ಯಾಪು, ಕಾಲಿಗೆ ಆಫೀಸಿನ ಕಾಲದ ಕಪ್ಪು ಬೂಟು. ಪಂಚೆಗೂ ಬೂಟಿಗೂ ಏನು ಸಂಬಂಧ ಎಂದು ಕೇಳುವವರು ಚಪ್ಪಲಿಯಲ್ಲಿ ಯೆಜ್ಡಿ ಒದ್ದವರಲ್ಲ. ಮೊದಲು ಪೆಟ್ರೋಲ್ ಕಾಕ್ ತಿರುಗಿಸುತ್ತಾರೆ. ಆಮೇಲೆ ಹ್ಯಾಂಡಲು ಹಿಡಿದು ಗಾಡಿಯನ್ನು ಎಡಕ್ಕೂ ಬಲಕ್ಕೂ ಓಲಾಡಿಸುತ್ತಾರೆ. ಟೂ ಸ್ಟ್ರೋಕ್ ಇಂಜಿನ್ನಲ್ಲವೇ, ಪೆಟ್ರೋಲಿನ ಜೊತೆಗೇ ಎಣ್ಣೆಯನ್ನೂ ಬೆರೆಸಬೇಕು. ರಾಯರ ಲೆಕ್ಕ ಲೀಟರಿಗೆ 40 ಎಂ.ಎಲ್. ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ. ರಾತ್ರಿಯೆಲ್ಲ ಎಣ್ಣೆ ತಳಕ್ಕೆ ಕೂತಿರುತ್ತದೆ, ಅದನ್ನು ಎಬ್ಬಿಸಬೇಕು ಎನ್ನುವುದು ಅವರ ನಂಬಿಕೆ. ಎಣ್ಣೆ ಏಳುತ್ತದೋ ಇಲ್ಲವೋ, ಸ್ಟ್ಯಾಂಡಿನ ಕಿರ್ರ್ ಸದ್ದಿಗೆ ಪಕ್ಕದ ಮನೆಯವರು ಏಳುತ್ತಾರೆ.

ಇನ್ನು ಟಿಕ್ಲರ್. ಕಾರ್ಬೊರೇಟರಿನ ತಲೆಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ಗುಂಡಿ. ಒತ್ತಿದರೆ ಒಳಗಿನ ಫ್ಲೋಟು ಮುಳುಗಿ, ಪೆಟ್ರೋಲು ಮಟ್ಟ ಮೀರಿ ಏರುತ್ತದೆ. ಹೊರಕ್ಕೆ ತೊಟ್ಟಿಕ್ಕುವವರೆಗೂ ಒತ್ತಬೇಕು. ತೊಟ್ಟಿಕ್ಕುವುದು ಸರಿಯಾಗಿ ಹೆಂಡತಿ ಆಗತಾನೇ ಹಾಕಿದ ಧನುರ್ಮಾಸದ ರಂಗೋಲಿಯ ಮೇಲೆ.

"ರೀ, ಅದನ್ನ ಸ್ವಲ್ಪ ಆ ಕಡೆ ನಿಲ್ಲಿಸ್ಬಾರ್ದಾ?"

"ಆ ಕಡೆ ಇಳಿಜಾರಿಲ್ಲ ಕಣೇ."

ಇಳಿಜಾರು ಕೊನೆಯ ಅಸ್ತ್ರ. ಏನೂ ಆಗದಿದ್ದರೆ ಸೆಕೆಂಡ್ ಗೇರಿಗೆ ಹಾಕಿ ತಳ್ಳಿಸಿಕೊಳ್ಳುವುದಕ್ಕೆ.

ಅಷ್ಟರಲ್ಲಿ ಹಾಲಿನ ಹುಡುಗ ಬರುತ್ತಾನೆ. ರಾಯರು ಕಾಯುತ್ತಿದ್ದದ್ದೂ ಅವನಿಗೇ. "ನೋಡೋ, ಕಿಡಿ ಹತ್ಕೊಳೋದು ಪೆಟ್ರೋಲಿನ ಆವಿಗೆ, ನೀರಾಗಿರೋ ಪೆಟ್ರೋಲಿಗಲ್ಲ. ಈ ಚಳೀಲಿ ಅದು ಆವಿ ಆಗೋಕೇ ಒಪ್ಪಲ್ಲ. ಹನಿಹನಿಯಾಗಿ ತಣ್ಣಗಿರೋ ಗೋಡೆಗೆ ಅಂಟ್ಕೊಂಡು ಕೂತ್ಬಿಡುತ್ತೆ. ಹತ್ತು ಪಾಲು ಕೊಟ್ರೆ ಎರಡು ಪಾಲು ಕೆಲಸಕ್ಕೆ ಬರುತ್ತೆ. ಅದಕ್ಕೇ ಜಾಸ್ತಿ ಕುಡಿಸೋದು." ಹತ್ತು, ಎರಡು ಎಂಬುದು ರಾಯರ ಸ್ವಂತ ಅಂಕಿಗಳು. ಉಳಿದ ವಿವರಣೆ ಮಾತ್ರ ಅಚ್ಚುಕಟ್ಟು. ನಮ್ಮ ಪಿಯುಸಿ ಮೇಷ್ಟರು ಇಷ್ಟು ಚೆನ್ನಾಗಿ ಹೇಳಿದ್ದರೆ ನಾವೂ ಇಂಜಿನಿಯರ್ ಆಗುತ್ತಿದ್ದೆವು.

ಕೀ ಹಾಕದೆ ಎರಡು ಖಾಲಿ ಕಿಕ್. ಆಮೇಲೆ ಕೀ. ಕಿಕ್. ಫುಸ್. ಇನ್ನೊಂದು. ಫುಸ್. ಯೆಜ್ಡಿಯಲ್ಲಿ ಗೇರಿನ ಲಿವರೇ ಕಿಕ್ಕರು. ಒಳಕ್ಕೆ ಅದುಮಿ ಹಿಂದಕ್ಕೆ ತಿರುಗಿಸಿದರೆ ಎದ್ದು ನಿಲ್ಲುತ್ತದೆ. ಅದೂ ಎಡಗಡೆ. ರಜಕ್ಕೆ ಬಂದ ತಂಗಿಯ ಮಗ ಒಮ್ಮೆ ಬಲಗಡೆಯೆಲ್ಲ ತಡಕಾಡಿ, "ಮಾವ, ಕಿಕ್ಕರ್ ಯಾರೋ ಬಿಚ್ಕೊಂಡು ಹೋಗಿದಾರೆ" ಎಂದು ಕೂಗಿಕೊಂಡನಂತೆ. ಗಾಡಿಗೆ ಬೀಗ ಯಾಕಿಲ್ಲ ಎಂದು ಕೇಳಿದವರಿಗೆಲ್ಲ ರಾಯರು ಈ ಕಥೆ ಹೇಳುತ್ತಾರೆ.

ಎಂಟೋ ಹತ್ತೋ ಕಿಕ್ಕಾದ ಮೇಲೆ ರಾಯರು ಬಗ್ಗಿ ಮೂಸಿ ನೋಡಿ, "ಓವರ್‌ಫ್ಲೋ" ಎಂದು ಘೋಷಿಸುತ್ತಾರೆ. ಕುಡಿಸಿದ್ದು ಹೆಚ್ಚಾಗಿ ಪ್ಲಗ್ ನೆನೆದಿದೆ. ಪ್ಲಗ್ ಪಾನ ಹೊರಬರುತ್ತದೆ. ಬಿಚ್ಚಿದ ಪ್ಲಗ್ಗನ್ನು ಪಂಚೆಯ ಅಂಚಿಗೆ ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಉಫ್ ಎಂದು ಊದಿ, ನೇರ ಅಡುಗೆಮನೆಗೆ ನಡೆಯುತ್ತಾರೆ. ಅಲ್ಲಿ ಒಂದು ಒಲೆಯ ಮೇಲೆ ಹುಗ್ಗಿಗೆ ಹೆಸರುಬೇಳೆ ಬೇಯುತ್ತಿದೆ, ಇನ್ನೊಂದರ ಮೇಲೆ ಹಾಲು. ರಾಯರು ಹಾಲು ಇಳಿಸಿ, ಅದೇ ಇಕ್ಕಳದಲ್ಲಿ ಪ್ಲಗ್ ಹಿಡಿದು ಉರಿಗೆ ಒಡ್ಡುತ್ತಾರೆ. ಮೊದಲು ಹಸಿರು ಛಾಯೆಯ ಜ್ವಾಲೆ, ಆಮೇಲೆ ಕಪ್ಪು ಹೊಗೆ, ಆಮೇಲೆ ಇಡೀ ಅಡುಗೆಮನೆಗೆ ಪೆಟ್ರೋಲ್ ಬಂಕಿನ ವಾಸನೆ.

"ನಿಮ್ಮ ಗಾಡಿ ನನ್ನ ಮಡೀನೆಲ್ಲ ಕೆಡಿಸ್ತು."

"ಬೆಂಕಿಗೆ ಮೈಲಿಗೆ ಇಲ್ಲ ಕಣೇ."

ಕಾದ ಪ್ಲಗ್ ಆರುವ ಮೊದಲು ಇಂಜಿನ್ ಸೇರಬೇಕು. ಕರ್ಪೂರದಾರತಿ ಗಾಳಿಗೆ ಆರದಂತೆ ಒಯ್ಯುವ ಹಾಗೆ, ಇಕ್ಕಳಕ್ಕೆ ಇನ್ನೊಂದು ಕೈ ಅಡ್ಡ ಹಿಡಿದು, ಅಡುಗೆಮನೆಯಿಂದ ಪೋರ್ಟಿಕೋವರೆಗೆ ರಾಯರು ಬೂಟುಗಾಲಿನಲ್ಲಿ ಓಡುವುದನ್ನು ಒಮ್ಮೆ ನೋಡಬೇಕು. ದೇವರಮನೆಯ ಮುಂದೆ ಹಾಯುವಾಗ ಓಟದಲ್ಲೇ ತಲೆ ಬಾಗಿಸುತ್ತಾರೆ.

ತಪ್ಪು ಗಾಡಿಯದಲ್ಲ, ಯಾವತ್ತೂ ಅಲ್ಲ. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸಲು ಹತ್ತಿದ ಮೇಲಂತೂ ರಾಯರಿಗೆ ಗಟ್ಟಿ ವಾದ ಸಿಕ್ಕಿದೆ. "ಮಂಡ್ಯದ ಕಬ್ಬನ್ನೆಲ್ಲ ತಂದು ನನ್ನ ಟ್ಯಾಂಕಿಗೆ ಸುರೀತಾರೆ. ಬೆಳಿಗ್ಗೆ ಬೆಳಿಗ್ಗೆ ಸ್ಟಾರ್ಟ್ ಆಗು ಅಂದ್ರೆ ಅದಾದ್ರೂ ಏನ್ಮಾಡುತ್ತೆ?" ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಡುತ್ತದೆ ಎನ್ನುವುದು ನಿಜವಾದ್ದರಿಂದ ಎದುರಾಡುವುದು ಕಷ್ಟ. ಆದರೆ ಎಥನಾಲಿನ ಹೆಸರು ಯಾರೂ ಕೇಳಿರದ ಕಾಲದಲ್ಲೂ ಗಾಡಿ ಹೀಗೇ ಇತ್ತೆಂದು ಅವರ ಹೆಂಡತಿ ಹೇಳುತ್ತಾರೆ.

ಬೀದಿಯ ಆ ತುದಿಯಲ್ಲಿ ಒಬ್ಬ ಬುಲೆಟ್ ಗೌಡರಿದ್ದಾರೆ. ಅವರದು ಬೇರೆ ಸಂಪ್ರದಾಯ. ಡಿಕಂಪ್ರೆಷನ್ ಲಿವರ್ ಹಿಡಿದು, ಆಮೀಟರಿನ ಮುಳ್ಳು ನಡುವಿಗೆ ಬರುವುದನ್ನೇ ದಿಟ್ಟಿಸಿ, ಒಂದೇ ಒದೆತ. ತಪ್ಪಿದರೆ ಕಿಕ್ಕರು ತಿರುಗಿ ಒದೆಯುತ್ತದೆ, ಗೌಡರು ವಾರವಿಡೀ ಕುಂಟುತ್ತಾರೆ. ಆ ಒಂದು ವಾರ ರಾಯರು ಬಹಳ ಪ್ರೀತಿಯಿಂದ ಆರೋಗ್ಯ ವಿಚಾರಿಸುತ್ತಾರೆ. ಗೌಡರೂ ಬಿಡುವವರಲ್ಲ.

"ಅಲ್ಲ ರಾಯರೇ, ನಿಮ್ಮ ಯೆಜ್ಡಿಯ ಮೂಲ ಜಾವಾ ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ. ಆ ಹಿಮದಲ್ಲಿ ಏಳೋ ಗಾಡಿಗೆ ಮೈಸೂರಿನ ಚಳಿ ಯಾವ ಲೆಕ್ಕ?"

"ಅಲ್ಲಿ ಹುಟ್ಟಿದ್ದು ಜಾವಾ. ಇದು ನಮ್ಮ ಯಾದವಗಿರೀಲಿ ಹುಟ್ಟಿದ ಯೆಜ್ಡಿ. ಮೈಸೂರಿನೋರು ಚಳೀಲಿ ಬೇಗ ಏಳ್ತಾರೇನ್ರಿ?"

ಯಾದವಗಿರಿಯ ಹೆಸರು ಬಂತೆಂದರೆ ದೇವಸ್ಥಾನ ಮರೆತಂತೆಯೇ. 1961ರಲ್ಲಿ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಗಾಡಿ ತಯಾರಾಗಲು ಶುರುವಾದದ್ದರಿಂದ ಹಿಡಿದು 1996ರಲ್ಲಿ ಬಾಗಿಲು ಹಾಕಿದ್ದರವರೆಗೆ ರಾಯರು ಹೇಳುತ್ತಾರೆ. ಬಾಗಿಲು ಹಾಕಿದ ಭಾಗಕ್ಕೆ ಬಂದಾಗ ಮಂಕಿ ಕ್ಯಾಪು ತೆಗೆಯುತ್ತಾರೆ. ಚಳಿಯಾಗುತ್ತದೆಂದು ಮತ್ತೆ ಹಾಕಿಕೊಳ್ಳುತ್ತಾರೆ.

2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಎದುರು ಮನೆಯ ಹುಡುಗ ಒಂದು ತಂದ. ಬಟನ್ ಒತ್ತುತ್ತಾನೆ, ಹೋಗುತ್ತಾನೆ. ಎಷ್ಟು ಪೆಟ್ರೋಲು ಬೇಕು, ಚಳಿ ಎಷ್ಟಿದೆ ಎಂಬುದನ್ನೆಲ್ಲ ಸೆನ್ಸರ್ ನೋಡಿಕೊಳ್ಳುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೆಚ್ಚುಕಡಿಮೆ ಎಲ್ಲ ಬೈಕುಗಳೂ ಕಾರ್ಬೊರೇಟರ್ ಬಿಟ್ಟು ಫ್ಯೂಯೆಲ್ ಇಂಜೆಕ್ಷನ್ನಿಗೆ ಹೋಗಿವೆ. ರಾಯರು ಅದನ್ನು ಸುತ್ತಿ ಬಂದು, ಟ್ಯಾಂಕಿನ ಮೇಲಿನ ಹೆಸರು ಸವರಿ, "ದಿನಾ ಬೆಳಿಗ್ಗೆ ಇಂಜೆಕ್ಷನ್ ತಗೊಂಡು ಏಳೋದು ಆರೋಗ್ಯವೇನಯ್ಯಾ?" ಎಂದರು.

ಇಷ್ಟಕ್ಕೂ ಕಾಯಿಲೆ ಏನೆಂದು ಮೆಕ್ಯಾನಿಕ್‌ಗೆ ಗೊತ್ತು. "ಕಾರ್ಬೊರೇಟರ್ ಬಿಚ್ಚಿ ಜೆಟ್ ಕ್ಲೀನ್ ಮಾಡಿ, ಪಾಯಿಂಟ್ ಸೆಟ್ ಮಾಡಿದ್ರೆ ಎರಡನೇ ಕಿಕ್‌ಗೆ ಎದ್ದೇಳುತ್ತೆ ಸಾರ್. ಅರ್ಧ ದಿನದ ಕೆಲಸ." ರಾಯರು ಪ್ರತಿ ಸಲವೂ "ಹಬ್ಬ ಕಳೀಲಿ" ಎನ್ನುತ್ತಾರೆ. ನಮ್ಮಲ್ಲಿ ಹಬ್ಬಗಳಿಗೇನು ಕಡಿಮೆ? ನನಗನಿಸುವಂತೆ ಸ್ಟಾರ್ಟ್ ಆಗುವ ಗಾಡಿ ರಾಯರಿಗೆ ಬೇಕಾಗಿಯೇ ಇಲ್ಲ. ಅದು ಎದ್ದರೆ ಇವರು ಹೊರಟುಹೋಗಬೇಕಾಗುತ್ತದೆ. ಏಳದಿದ್ದರೆ ಹಾಲಿನವನು, ಪೇಪರಿನವನು, ವಾಕಿಂಗ್ ಹೊರಟ ಡಾಕ್ಟರು, ಎಲ್ಲರೂ ನಿಂತು ಒಂದು ಮಾತು ಕೇಳಿ ಹೋಗುತ್ತಾರೆ. ಅರ್ಚಕರೂ ಹೊಂದಿಕೊಂಡಿದ್ದಾರೆ. ಮಂಗಳಾರತಿಯಾದ ಮೇಲೂ ಒಂದು ದೊನ್ನೆ ಹುಗ್ಗಿ ಮುಚ್ಚಿಟ್ಟಿರುತ್ತಾರೆ.

ಮೊನ್ನೆ ಮಂಜು ಕವಿದ ಬೆಳಿಗ್ಗೆ ಅನಾಹುತವಾಯಿತು. ಗಾಡಿ ಮೊದಲನೇ ಕಿಕ್‌ಗೇ ಎದ್ದಿತು. ಡಬಡಬ ಸದ್ದು, ನೀಲಿ ಹೊಗೆ, ಎಲ್ಲ ಸರಿ. ಬೀದಿಯಲ್ಲಿ ಮಾತ್ರ ನರಪಿಳ್ಳೆಯಿಲ್ಲ. ರಾಯರು ಆಕ್ಸಿಲರೇಟರ್ ಏರಿಸಿ ಇಳಿಸಿ ನೋಡಿದರು. ಎದುರು ಮನೆಯ ಮಹಡಿಯ ಕಿಟಕಿ ನೋಡಿದರು. ಸ್ವಲ್ಪ ಹೊತ್ತು ಅಲ್ಲೇ ನಿಂತು, ಕೊನೆಗೆ ಆಫ್ ಮಾಡಿ, ಹಾಲಿನ ಹುಡುಗನ ಸೈಕಲ್ಲಿನ ಬೆಲ್ಲು ಕೇಳಿಸುವವರೆಗೆ ಕಾದರು.

"ಏನ್ ಸಾರ್, ಇವತ್ತು ಇನ್ನೂ ಶುರುನೇ ಮಾಡಿಲ್ವಾ?"

"ಒಂದೇ ಕಿಕ್ಕು ಕಣೋ! ಇರು, ತೋರಿಸ್ತೀನಿ." ಉತ್ಸಾಹದಲ್ಲಿ ಟಿಕ್ಲರನ್ನು ತೊಟ್ಟಿಕ್ಕುವಂತೆ ಒತ್ತಿ ಒದ್ದರು. ಫುಸ್. ಇನ್ನೊಂದು. ಫುಸ್.

"ಬಿಸಿ ಇಂಜಿನ್‌ಗೆ ಟಿಕ್ಲರ್ ಒತ್ತಬಾರ್ದು ಅಂತ ನೀವೇ ಹೇಳಿದ್ರಲ್ಲ ಸಾರ್?"

ರಾಯರ ಮುಖ ಅರಳಿತು. ಪ್ಲಗ್ ಪಾನಕ್ಕೆ ಕೈಹಾಕುವಷ್ಟರಲ್ಲಿ ಒಳಗಿನಿಂದ ದನಿ ಬಂತು:

"ಒಲೆ ಖಾಲಿ ಇಲ್ಲ!"